ನಿಜವಾಗಿಯೂ ನೋವಿದೆಯೇ?

‘ನಿಜವಾಗಿಯೂ ನೋವಿದೆಯೋ, ಇಲ್ಲಾ ಮನಸ್ಸಿಗೆ ಹಾಗೆ ಅನ್ನಿಸುತ್ತದೆಯೋ?’ ಹಾಸಿಗೆ ಹಿಡಿದ ಹಿರಿಯರನ್ನು ಮನೆಮಂದಿ ಆಗಾಗ ಹೀಗೆ ಕೇಳುವುದುಂಟು. ರಕ್ತಪರೀಕ್ಷೆಯಲ್ಲಿ, ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೆ ನೋವೇ ಇಲ್ಲವೆಂದು ತೀರ್ಮಾನಿಸಿಬಿಡುತ್ತೇವೆ. ನಿತ್ಯದ ಮಾತಿನಲ್ಲಿ ಕಂಡದ್ದು ನಿಜ, ಕಾಣದ್ದು ನೆಪ.

ವೈದ್ಯಶಾಸ್ತ್ರ ಇಷ್ಟು ಅವಸರಪಡುವುದಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರನ್ನು ಉಪಚರಿಸಿದ ವೈದ್ಯ ಸೈಲಾಸ್ ವೇರ್ ಮಿಚೆಲ್, ಕತ್ತರಿಸಿಹೋದ ಅಂಗ ಇನ್ನೂ ಇದ್ದಂತೆ ತೋರುವ ಅನುಭವಕ್ಕೆ 1871ರಲ್ಲಿ ‘ಫ್ಯಾಂಟಮ್ ಲಿಂಬ್’ ಎಂಬ ಹೆಸರನ್ನೇ ಕೊಟ್ಟರು. ಕಾಲು ಇಲ್ಲ, ಕಾಲಿನ ನೋವು ಇದೆ! 1990ರ ದಶಕದಲ್ಲಿ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಅವರು ಉಳಿದ ಕೈಯ ಪ್ರತಿಬಿಂಬವನ್ನು ಇಲ್ಲದ ಕೈಯ ಜಾಗದಲ್ಲಿ ಕನ್ನಡಿಯ ಮೂಲಕ ತೋರಿಸಿ, ಕೆಲವರ ನೋವನ್ನು ತಗ್ಗಿಸಿದರು. ಮನೋವೈದ್ಯರ ನಡೆಯೂ ಇಂಥದೇ. ಯಾರೂ ಇಲ್ಲದೆಡೆ ದನಿ ಕೇಳಿ ಬೆದರಿದವನ ಮುಂದೆ ಅವರು ದನಿಯುಂಟೆಂದು ಒಪ್ಪುವುದಿಲ್ಲ. ಅವನ ಭಯ ಸುಳ್ಳೆಂದೂ ಹೇಳುವುದಿಲ್ಲ.

ನಮ್ಮ ಆಗಮ ಪರಂಪರೆ ಏನನ್ನುತ್ತದೆ? ಉತ್ಪಾದ, ವ್ಯಯ, ಧ್ರೌವ್ಯ ಈ ಮೂರರಿಂದ ಕೂಡಿದ್ದೇ ‘ಸತ್’ ಎಂದು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಹೇಳಿದ್ದಾರೆ. ಹುಟ್ಟಿ ಅಳಿಯುವ ಪರ್ಯಾಯವೂ ಸತ್ತಿನೊಳಗೇ ಸೇರಿತು. ಅಸಾತಾವೇದನೀಯ ಕರ್ಮದ ಉದಯದಿಂದ ಬಂದ ನೋವು ಕ್ಷಣಿಕವಿರಬಹುದು, ಇಲ್ಲದ್ದಲ್ಲ. ಅನುಭವವನ್ನು ಮಿಥ್ಯೆಯೆಂದು ತಳ್ಳಿಹಾಕುವ ದರ್ಶನ ನಮ್ಮದಲ್ಲವಷ್ಟೆ.

ಅದೇ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಅಸತ್ಯದ ಲಕ್ಷಣ ಹೇಳುವಾಗ ‘ಅಸತ್’ ಎಂಬ ಶಬ್ದ ಮತ್ತೆ ಬರುತ್ತದೆ. ಇಲ್ಲದ್ದನ್ನು ಇದೆಯೆನ್ನುವುದೇ ಅಸತ್ಯವೆಂದು ನಾವು ಸುಲಭವಾಗಿ ಅರ್ಥಮಾಡಿಕೊಳ್ಳುತ್ತೇವೆ. ಆದರೆ ಕನ್ನಡ ನಾಡಿನವರೇ ಆದ ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಈ ಪದಕ್ಕೆ ‘ಅಪ್ರಶಸ್ತ’ ಎಂದು ಅರ್ಥ ಹೇಳುತ್ತಾರೆ. ಹೇಳಿದ ವಿಷಯ ಇರಲಿ, ಇಲ್ಲದಿರಲಿ, ಪ್ರಾಣಿಗಳನ್ನು ಪೀಡಿಸುವ ಮಾತು ಅಪ್ರಶಸ್ತವೇ. ಹಾಗಾದರೆ ‘ರಿಪೋರ್ಟ್‌ನಲ್ಲಿ ಏನೂ ಇಲ್ಲ, ಸುಮ್ಮನೆ ನರಳಬೇಡ’ ಎಂಬ ಮಾತಿನ ಮೊದಲರ್ಧ ವಾಸ್ತವವೇ ಆಗಿದ್ದರೂ ಇಡೀ ಮಾತು ಯಾವ ಪಂಕ್ತಿಗೆ ಸೇರೀತು?

ಸ್ವಾಧ್ಯಾಯ ಮಾಡುವ ನಮ್ಮಂಥವರಲ್ಲಿ ಇನ್ನೊಂದು ಅಭ್ಯಾಸವಿದೆ. ನರಳುವವರ ಬಳಿ ಕುಳಿತು ‘ದೇಹ ಬೇರೆ, ಆತ್ಮ ಬೇರೆ, ನೋವು ಯಾರಿಗೆ?’ ಎಂದು ನಿಶ್ಚಯನಯವನ್ನು ಬೋಧಿಸುವುದು. ಈ ದೃಷ್ಟಿ ತನ್ನ ನೋವನ್ನು ತಾನು ಸಹಿಸುವ ಸಾಧಕನಿಗೆ ಊರುಗೋಲು. ಪರರ ನೋವಿನೆದುರು ಅದನ್ನೇ ಹೇಳಿದರೆ, ನೀರು ಕೇಳಿದವನಿಗೆ ಬಾವಿಯ ಆಳ ತಿಳಿಸಿದಂತೆ. ಭೇದಜ್ಞಾನವನ್ನು ಅಷ್ಟು ಎತ್ತರಕ್ಕೆ ಒಯ್ದ ಕುಂದಕುಂದಾಚಾರ್ಯರೇ ಸಮಯಸಾರದ ಆರಂಭದಲ್ಲಿ, ಕೇಳುವವನ ಭಾಷೆಯಲ್ಲಿ ಹೇಳದೆ ಅವನಿಗೆ ತಿಳಿಸಲಾಗದು, ಹಾಗೆಯೇ ವ್ಯವಹಾರವಿಲ್ಲದೆ ಪರಮಾರ್ಥದ ಉಪದೇಶವೂ ಆಗದು ಎಂದಿದ್ದಾರೆ.

ಆರು ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ತ್ಯವೂ ಒಂದು. ಅಂಥ ಸೇವೆಗೆ ಪಾತ್ರರಾದ ಹತ್ತು ಬಗೆಯವರಲ್ಲಿ ‘ಗ್ಲಾನ’, ಎಂದರೆ ವ್ಯಾಧಿಯಿಂದ ಬಳಲಿದ ಮುನಿಯೂ ಸೇರಿದ್ದಾರೆ. ಗೃಹಸ್ಥರಾದ ನಮಗೆ ಗ್ಲಾನರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಹಲವು ಮನೆಗಳ ಒಳಕೋಣೆಯಲ್ಲೇ ಒಬ್ಬರು ಮಲಗಿರುತ್ತಾರೆ.