ಎದುರು ಪಕ್ಷಕ್ಕೂ ಒಂದು ಪುಟ

ಕೊಡ್ಲಿಪೇಟೆಯ ನಮ್ಮ ಮಕ್ಕಳು ಕಾಡಾನೆಯ ಕುರಿತು ಬರೆಯುವ ಪ್ರಬಂಧಗಳಲ್ಲಿ ಒಂದು ಕೊರತೆ ಕಾಣುತ್ತೇವೆ. ಆನೆ ಕಾಫಿ ತೋಟ ತುಳಿಯಿತು, ಆದುದರಿಂದ ಅದನ್ನು ಓಡಿಸಬೇಕು. ಅಲ್ಲಿಗೆ ವಾದ ಮುಗಿಯಿತು. ತೋಟಕ್ಕೆ ಮುನ್ನ ಅಲ್ಲಿ ಕಾಡಿರಲಿಲ್ಲವೇ ಎಂಬ ಪ್ರಶ್ನೆಗೆ ಎಡೆಯಿಲ್ಲ.

ಸಂತ ತೋಮಸ್ ಅಕ್ವಿನಾಸರು 1265ರ ಸುಮಾರಿಗೆ ಆರಂಭಿಸಿದ ‘ಸುಮ್ಮಾ ತಿಯೊಲಾಜಿಯೇ’ಯಲ್ಲಿ ಆಕ್ಷೇಪಗಳನ್ನೇ ಮೊದಲು ಇಡುತ್ತಾರೆ. ದೇವರಿರುವರೇ ಎಂಬಲ್ಲಿಯೂ, ಲೋಕದಲ್ಲಿ ಕೇಡಿರುವುದರಿಂದ ದೇವರಿಲ್ಲವೆಂಬುದೇ ಮೊದಲ ಮಾತು. ತಮ್ಮ ಉತ್ತರ ಆ ಬಳಿಕ. ಕಡೆಗೆ ಒಂದೊಂದು ಆಕ್ಷೇಪಕ್ಕೂ ಸಮಾಧಾನ. ನಮ್ಮ ಶಾಸ್ತ್ರಕಾರರ ಪೂರ್ವಪಕ್ಷ, ಸಿದ್ಧಾಂತಗಳದೂ ಇದೇ ಜಾಡು. ಗುರುಮಠದಲ್ಲಿ ಇದನ್ನು ಕಲಿತ ನಾವೇ ಪ್ರಬೋಧನೆಯಲ್ಲಿ ಎಷ್ಟು ಸಲ ಮರೆತಿಲ್ಲ!

ಬೆಳೆ ಕಳೆದುಕೊಂಡ ಮನೆಯ ಬಾಲಕಿಯೊಬ್ಬಳಿಗೆ ಆನೆಯ ಪರವಾಗಿ ಒಂದು ಪುಟ ಬರೆಯೆಂದೆವು. ಮುಖ ಸಣ್ಣದು ಮಾಡಿಕೊಂಡೇ ಬರೆದಳು. ಅದಕ್ಕೆ ಅವಳೇ ಕೊಟ್ಟ ಉತ್ತರದಲ್ಲಿ ‘ಓಡಿಸಿ’ ಎಂಬುದಿರಲಿಲ್ಲ. ಕಂದಕ, ಬೇಲಿ, ಬೆಳೆಪರಿಹಾರಗಳ ಲೆಕ್ಕವಿತ್ತು.