ಮಡಿಲು ಸೇರಿದ ಮಗು ಮನೆ ಸೇರೋದು ಯಾವಾಗ?

ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ಅಪ್ಪ ಹಿಡಿದ ಉಳಿಯನ್ನೇ ಮಗ ಹಿಡಿಯೋ ಇಂಥ ಊರಿನ ಮನೆಗೆ ದತ್ತು ಮಗು ಬಂತು ಅಂದ್ಕೊಳ್ಳಿ. ಕಟ್ಟೆ ಮೇಲೆ ಮೊದಲು ಏಳೋ ಮಾತೇನು? "ಯಾರ ಮಗುವೋ ಏನೋ, ಕೈಗೆ ಕಸುಬು ಹತ್ತುತ್ತಾ?"

ಕಾನೂನಿಗೆ ಈ ಅನುಮಾನವಿಲ್ಲ. 1956ರ ಹಿಂದೂ ದತ್ತಕ ಕಾಯ್ದೆ ಪ್ರಕಾರ ದತ್ತು ಆದ ದಿನದಿಂದಲೇ ಅದು ಆ ಮನೆಯ ಮಗು. ಅನಾಥ ಮಕ್ಕಳನ್ನು ಬಾಲನ್ಯಾಯ ಕಾಯ್ದೆಯಡಿ ದತ್ತು ಪಡೆಯೋದಾದರೆ, 2022ರ ಸೆಪ್ಟೆಂಬರಿನಿಂದ ಆದೇಶ ಕೊಡೋರು ಜಿಲ್ಲಾಧಿಕಾರಿ, ಕೋರ್ಟಿಗೆ ಅಲೆಯಬೇಕಿಲ್ಲ. ಆಮೇಲೂ ಎರಡು ವರ್ಷ, ಆರು ತಿಂಗಳಿಗೊಮ್ಮೆ ಮಗು ಹೇಗಿದೆ ಅಂತ ವಿಚಾರಿಸ್ತಾರೆ.

ಸರಿ, ಕಾಗದ ಬಂತು. ಮಗುವಿನ ಮನಸ್ಸು ಬರಬೇಡವೇ? ಸ್ವಲ್ಪ ದೊಡ್ಡ ಮಗುವಾದರೆ ರೊಟ್ಟಿ ತುಂಡನ್ನು ದಿಂಬಿನಡಿ ಬಚ್ಚಿಡಬಹುದು. ಕಾರಣವಿಲ್ಲದೆ ರಚ್ಚೆ ಹಿಡಿಯಬಹುದು. ಅದು ಕೆಟ್ಟತನವಲ್ಲ ಸ್ವಾಮಿ, 'ಇವರೂ ನನ್ನ ಬಿಟ್ಟುಬಿಡ್ತಾರಾ' ಅನ್ನೋ ಭಯ. "ಅಮ್ಮ ಅನ್ನು" ಅಂತ ಬಲವಂತ ಬೇಡ. ಹೊತ್ತಿಗೆ ಸರಿಯಾಗಿ ಊಟ, ಮಲಗೋಕೆ ತನ್ನದೇ ಜಾಗ, ತಪ್ಪು ಮಾಡಿದರೂ 'ವಾಪಸ್ ಕಳಿಸ್ತೀನಿ' ಅನ್ನದ ನಾಲಿಗೆ ಇಷ್ಟಿದ್ದರೆ ಕರೆ ತಾನಾಗೇ ಬರುತ್ತೆ. ದತ್ತು ವಿಷಯವನ್ನೂ ಚಿಕ್ಕಂದಿನಲ್ಲೇ ಹೆತ್ತವರಂತೆ ಸಾಕುವವರೇ ಹೇಳಬೇಕು. ಬೇರೆಯವರ ಬಾಯಿಂದ ಕೇಳಿದರೆ ಎದೆ ಒಡೆಯುತ್ತೆ.

ಹಾಗಾಗಿ ಅಂಗಡಿಯವರೇ, ಬಸ್ಸಿನ ಪಕ್ಕದ ಸೀಟಿನವರೇ, "ಸ್ವಂತದ್ದಾ, ತಂದಿದ್ದಾ?" ಅಂತ ಮಗುವಿನ ಎದುರು ಕೇಳಬೇಡಿ. ಇನ್ನು ಕಸುಬಿನ ಮಾತು: ಅದು ರಕ್ತದಲ್ಲಿ ಹರಿಯೋದಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಉಳಿ ಹಿಡಿಸಿದವರ ಕೈಯಿಂದ ಬರೋದು.