ಹೇಳಿದಷ್ಟೇ ಓಡಿದರೆ ಗೆಲುವು!

ರೇಸ್‌ನಲ್ಲಿ ಮೊದಲು ಗೆರೆ ದಾಟಿದವನು ಸೋಲುವುದುಂಟೇ? ಅಮೆರಿಕದ ಹವ್ಯಾಸಿ ಡ್ರ್ಯಾಗ್ ರೇಸ್‌ಗಳಲ್ಲಿ ಇದು ಮಾಮೂಲು. ಅಲ್ಲಿ ವೇಗವೊಂದೇ ಸಾಲದು. ನಿಮ್ಮ ಕಾರು ಎಷ್ಟು ಸೆಕೆಂಡಿನಲ್ಲಿ ಗುರಿ ಮುಟ್ಟುತ್ತದೆ ಎಂದು ಮೊದಲೇ ಹೇಳಬೇಕು, ಹೇಳಿದ ಹಾಗೆಯೇ ಓಡಿಸಬೇಕು.

ಡ್ರ್ಯಾಗ್ ರೇಸ್ ಎಂದರೆ ತಿರುವಿಲ್ಲದ ನೇರ ಓಟ. ಒಮ್ಮೆಗೆ ಎರಡೇ ಕಾರು. ನಿಂತಲ್ಲಿಂದ ಹೊರಟು ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್ ಓಡಬೇಕು. ಟಿ.ವಿ.ಯಲ್ಲಿ ಕಾಣುವುದು ಪ್ರಾಯೋಜಕರ ಹಣದಲ್ಲಿ ನಡೆಯುವ ವೃತ್ತಿಪರ ತಂಡಗಳು. ಅವರ ಹಿಂದೆ ಇನ್ನೊಂದು ದೊಡ್ಡ ಗುಂಪಿದೆ. ವಾರವಿಡೀ ಬೇರೆಲ್ಲೋ ದುಡಿದು, ರಾತ್ರಿ ಮನೆಯ ಶೆಡ್‌ನಲ್ಲಿ ಎಂಜಿನ್ ಬಿಚ್ಚಿ ಜೋಡಿಸುವವರು. ಗುಜರಿಯಿಂದ ತಂದ ವಿ8 ಎಂಜಿನ್‌ ಅನ್ನು ಹಳೆಯ ಕಾರಿಗೆ ಕೂರಿಸಿ, ವಾರಾಂತ್ಯದಲ್ಲಿ ಟ್ರೇಲರ್ ಮೇಲೆ ಹೇರಿಕೊಂಡು ಟ್ರ್ಯಾಕಿಗೆ ಹೋಗುವವರು.

ಇವರಲ್ಲಿ ಒಬ್ಬರ ಕಾರು ದುಬಾರಿ, ಇನ್ನೊಬ್ಬರದು ಸಾಧಾರಣ. ಹಾಗಾದರೆ ಪೈಪೋಟಿ ಹೇಗೆ? ಅದಕ್ಕೆ ‘ಬ್ರ್ಯಾಕೆಟ್ ರೇಸಿಂಗ್’ ಎಂಬ ಪದ್ಧತಿ ಇದೆ. ಹಳೆಯ ಪಿಕಪ್ ವಾಹನದವನು 15.20 ಸೆಕೆಂಡ್ ಎಂದು ಗಾಜಿನ ಮೇಲೆ ಬರೆದಿದ್ದಾನೆ, ಪಕ್ಕದವನು 10.20 ಎಂದು ಬರೆದಿದ್ದಾನೆ ಎನ್ನಿ. ಪಿಕಪ್‌ಗೆ 5 ಸೆಕೆಂಡ್ ಮೊದಲೇ ಹಸಿರು ದೀಪ ಹತ್ತುತ್ತದೆ. ಇಬ್ಬರೂ ಹೇಳಿದಂತೆ ಓಡಿಸಿದರೆ ಒಟ್ಟಿಗೇ ಗುರಿ ತಲುಪುತ್ತಾರೆ. ದೀಪ ನೋಡಿ ಯಾರು ಚುರುಕಾಗಿ ಹೊರಟರು, ಯಾರ ಲೆಕ್ಕ ಸರಿಯಾಗಿತ್ತು ಎಂಬುದರ ಮೇಲೆ ಗೆಲುವು. ಹಸಿರಿಗೆ ಮೊದಲೇ ಹೊರಟರೆ ಕೆಂಪು ದೀಪ ಹತ್ತಿ ಔಟ್.

ಸಮಯವನ್ನು ಬೇಕೆಂದೇ ಹೆಚ್ಚು ಬರೆದು ಮೊದಲೇ ಹೊರಡಬಹುದಲ್ಲ ಎಂದುಕೊಂಡಿರಾ? ಅದಕ್ಕೂ ನಿಯಮವಿದೆ. 15.20 ಎಂದವನು 15.10ಕ್ಕೇ ಮುಟ್ಟಿದರೆ, ಎದುರಾಳಿಯೂ ಅದೇ ತಪ್ಪು ಮಾಡದಿದ್ದಲ್ಲಿ, ಅವನು ಸೋತಂತೆ. ಕೊನೆಯಲ್ಲಿ ಬ್ರೇಕ್ ಒತ್ತಿ ಸರಿದೂಗಿಸಲು ನೋಡುವವರಿದ್ದಾರೆ. ಆದರೆ ಸೆಕೆಂಡಿನ ನೂರನೇ ಒಂದು ಭಾಗದ ಆಟದಲ್ಲಿ ಆ ಅಂದಾಜು ಸುಲಭವಾಗಿ ತಪ್ಪುತ್ತದೆ. ಜಂಬಕ್ಕೆ ಕಡಿಮೆ ಸಮಯ ಬರೆದವನು ಅಷ್ಟು ವೇಗ ಬಾರದೆ ಸೋಲುತ್ತಾನೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನೇ ನಿಯಮ ಮಾಡಿಟ್ಟಂತಿದೆ!

ಹೀಗಾಗಿ ಇವರಿಗೆ ಪಾನಾ, ಸ್ಪ್ಯಾನರ್‌ಗಳಷ್ಟೇ ನೋಟ್‌ಬುಕ್ ಮುಖ್ಯ. ಬಿಸಿಲು ಏರಿದಂತೆ ಗಾಳಿ ತೆಳುವಾಗುತ್ತದೆ, ಎಂಜಿನ್‌ಗೆ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ, ಕಾರು ನಿಧಾನವಾಗುತ್ತದೆ. ಬೆಳಿಗ್ಗೆಯ ಲೆಕ್ಕ ಮಧ್ಯಾಹ್ನಕ್ಕೆ ನಡೆಯದು. ತಾಪಮಾನ, ತೇವಾಂಶ, ಟೈರಿನ ಗಾಳಿ ಎಲ್ಲವನ್ನೂ ಪ್ರತಿ ಓಟಕ್ಕೂ ಬರೆದಿಟ್ಟವನಿಗೆ ಮುಂದಿನ ಓಟದ ಸಮಯ ಹೇಳುವ ಧೈರ್ಯ ಬರುತ್ತದೆ.

ಈ ಶಿಸ್ತು ಮೊದಲಿನಿಂದ ಇದ್ದದ್ದಲ್ಲ. 1930ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ಫೋರ್ಡ್ ಕಾರುಗಳನ್ನು ಬದಲಾಯಿಸಿಕೊಂಡು ಒಣಗಿದ ಸರೋವರಗಳ ಬಯಲಿನಲ್ಲಿ ಓಡಿಸುತ್ತಿದ್ದರು. ಊರಿನ ರಸ್ತೆಗಳಲ್ಲೂ ಪೈಪೋಟಿಗಿಳಿದು ಜನರ ಸಿಟ್ಟಿಗೆ ಗುರಿಯಾಗಿದ್ದರು. 1950ರಲ್ಲಿ ಸಾಂಟಾ ಆನಾದ ವಿಮಾನ ನಿಲ್ದಾಣದ ರನ್‌ವೇಯೊಂದರಲ್ಲಿ ಹಣ ಕಟ್ಟಿ ಓಡಿಸುವ ಡ್ರ್ಯಾಗ್ ರೇಸ್ ಶುರುವಾಯಿತು. ಮರುವರ್ಷ ‘ಹಾಟ್ ರಾಡ್’ ಪತ್ರಿಕೆಯ ಸಂಪಾದಕ ವಾಲಿ ಪಾರ್ಕ್ಸ್ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದರು. 1954ರಲ್ಲಿ ಈ ಸಂಸ್ಥೆಯ ತಂಡವೊಂದು ಊರೂರು ಸುತ್ತಿ ಸುರಕ್ಷಿತವಾಗಿ ರೇಸ್ ನಡೆಸುವುದನ್ನು ಕಲಿಸಿತು. ಇಂದು ತಪಾಸಣೆಯಲ್ಲಿ ಪಾಸಾಗದ ಕಾರು ಟ್ರ್ಯಾಕಿಗೆ ಇಳಿಯುವಂತಿಲ್ಲ. ವೇಗ ಹೆಚ್ಚಿದಷ್ಟೂ ನಿಯಮ ಬಿಗಿ.

ಕೈಯಾರೆ ಕಾರು ಕಟ್ಟುವವರ ಛಲಕ್ಕೆ ಫ್ಲಾರಿಡಾದ ಡಾನ್ ಗಾರ್ಲಿಟ್ಸ್ ಉದಾಹರಣೆ. ವೃತ್ತಿಪರರಾದ ಮೇಲೂ ತಮ್ಮ ಕಾರನ್ನು ತಾವೇ ಕಟ್ಟುತ್ತಿದ್ದರು. 1970ರಲ್ಲಿ ಕ್ಯಾಲಿಫೋರ್ನಿಯಾದ ಲಯನ್ಸ್ ಟ್ರ್ಯಾಕ್‌ನಲ್ಲಿ ಗೇರ್ ವ್ಯವಸ್ಥೆ ಸಿಡಿದು ಕಾರು ಎರಡು ತುಂಡಾಯಿತು, ಅವರ ಪಾದದ ಒಂದು ಭಾಗವೇ ಹೋಯಿತು. ಆಗಿನ ಕಾರುಗಳಲ್ಲಿ ಎಂಜಿನ್ ಚಾಲಕನ ಮುಂದೆ ಇರುತ್ತಿತ್ತು. ಆಸ್ಪತ್ರೆಯಲ್ಲೇ ಎಂಜಿನ್ ಅನ್ನು ಚಾಲಕನ ಹಿಂದಕ್ಕೆ ಹಾಕುವ ಬಗ್ಗೆ ಯೋಚಿಸಿದ ಅವರು, ಅಂಥ ಕಾರು ಕಟ್ಟಿ 1971ರಲ್ಲಿ ಗೆದ್ದರು. ನಂತರ ಬೇರೆಯವರೂ ಅದೇ ದಾರಿ ಹಿಡಿದರು.

ನಮ್ಮಲ್ಲಿ? ರಾತ್ರಿ ಹೊತ್ತು ಹೆದ್ದಾರಿಯಲ್ಲಿ ವ್ಹೀಲಿಂಗ್ ಮಾಡಿ ಸಿಕ್ಕಿಬಿದ್ದವರ, ಜೀವ ಕಳೆದುಕೊಂಡವರ ಸುದ್ದಿ ಆಗಾಗ ಓದುತ್ತೇವೆ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ನಡೆಸುವುದು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ, ಜೈಲು ಶಿಕ್ಷೆಗೂ ಅವಕಾಶವಿದೆ. ಆ ಹುಡುಗರಲ್ಲೂ ಬೈಕಿನ ನಾಡಿ ಬಲ್ಲವರಿದ್ದಾರೆ. ಅವರಿಗೆ ಕೇಸು ಹಾಕುವುದು ಸರಿಯೇ, ಆದರೆ ಓಡಿಸಲು ಜಾಗ ಎಲ್ಲಿದೆ ಎಂಬ ಪ್ರಶ್ನೆಗೂ ಉತ್ತರ ಬೇಕು. ಮಹಾರಾಷ್ಟ್ರದ ಆಂಬಿ ವ್ಯಾಲಿಯ ಏರ್‌ಸ್ಟ್ರಿಪ್‌ನಲ್ಲಿ ಡ್ರ್ಯಾಗ್ ರೇಸ್ ನಡೆದಿರುವುದು ಇದು ನಮ್ಮಲ್ಲೂ ಸಾಧ್ಯ ಎಂದು ತೋರಿಸಿದೆ.

ಎಂಜಿನಿಯರಿಂಗ್ ಓದುವವರಿಗೆ ಇನ್ನೊಂದು ಬಾಗಿಲಿದೆ. ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್ ಸ್ಪರ್ಧೆಗೆ ವಿದ್ಯಾರ್ಥಿಗಳೇ ವಿನ್ಯಾಸ ಮಾಡಿ ಕಟ್ಟಿದ ಕಾರು ತರುತ್ತಾರೆ. ಅಲ್ಲಿ ನಿಂತಲ್ಲಿಂದ 75 ಮೀಟರ್ ನೇರ ಓಡುವ ಪರೀಕ್ಷೆಯೂ ಇದೆ. ಓಟಕ್ಕಷ್ಟೇ ಅಲ್ಲ, ವಿನ್ಯಾಸಕ್ಕೂ ವೆಚ್ಚದ ಲೆಕ್ಕಕ್ಕೂ ಅಂಕವಿದೆ. ಈ ಭಾಗವನ್ನು ಹೀಗೇ ಏಕೆ ಮಾಡಿದಿರಿ ಎಂದು ತೀರ್ಪುಗಾರರು ಕೇಳಿದಾಗ, ಸ್ವತಃ ವೆಲ್ಡಿಂಗ್ ಮಾಡಿದವನು ತಡವರಿಸುವುದಿಲ್ಲ.

ಕೆಲಸ ಹುಡುಕುವ ನಮಗೂ ಇದು ಹೊಂದುತ್ತದೆ. ಬಾರದ್ದನ್ನೂ ರೆಸ್ಯೂಮೆಯಲ್ಲಿ ತುಂಬುವವರಿದ್ದೇವೆ, ಬರುವುದನ್ನೂ ಹೇಳಲು ಅಳುಕುವವರಿದ್ದೇವೆ. ಮಾಡಿದ ಕೆಲಸವನ್ನು ದಿನಕ್ಕೆರಡು ಸಾಲು ಬರೆದಿಡುವ ಅಭ್ಯಾಸ ಇಬ್ಬರಿಗೂ ಒಳ್ಳೆಯದು. ನಿಮ್ಮಿಂದ ಏನಾಗುತ್ತದೆ ಎಂದು ಸಂದರ್ಶನದಲ್ಲಿ ಕೇಳಿದಾಗ ಉತ್ತರಕ್ಕೆ ಹುಡುಕಾಡಬೇಕಿಲ್ಲ.